‘ಅಂತೆ’ ಕಂಡಲ್ಲೆಲ್ಲ ಉಪಮೆ: ಅಲಂಕಾರ ಗುರುತಿಸಲು ಕಲಿತ ಒಬ್ಬ ವಿದ್ಯಾರ್ಥಿನಿಯ ಪ್ರಕರಣ

ಹಿನ್ನೆಲೆ

ಈ ವಿದ್ಯಾರ್ಥಿನಿ ಹತ್ತನೆಯ ತರಗತಿಯವಳು. ಅವಳ ಹೆಸರು, ಊರು, ಶಾಲೆ ಯಾವುದನ್ನೂ ಇಲ್ಲಿ ಹೇಳುತ್ತಿಲ್ಲ. ಗುರುತು ಹತ್ತಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಕೆಳಗೆ ಬರುವ ಉದಾಹರಣೆ ಸಾಲುಗಳು, ಒಂದು ಗಾದೆಯನ್ನು ಬಿಟ್ಟರೆ, ಅಭ್ಯಾಸಕ್ಕೆಂದು ಕಟ್ಟಿಕೊಂಡವು.

ಮನೆಮಾತು ಕನ್ನಡ. ಕಥೆ, ಕಾದಂಬರಿ ಓದುವ ಹವ್ಯಾಸ ಚೆನ್ನಾಗಿಯೇ ಇತ್ತು. ಪ್ರಬಂಧ, ಪತ್ರಲೇಖನ, ಪದ್ಯದ ಭಾವಾರ್ಥ ಎಲ್ಲದರಲ್ಲೂ ಒಳ್ಳೆಯ ಅಂಕ ಬರುತ್ತಿತ್ತು. ಅಲಂಕಾರದ ಪ್ರಶ್ನೆಯಲ್ಲಿ ಮಾತ್ರ ಪ್ರತಿ ಸಲವೂ ಎಡವುತ್ತಿದ್ದಳು. ಲಕ್ಷಣ ಬಾಯಿಪಾಠ ಬಾರದೆ ಹೀಗಾಗುತ್ತಿರಲಿಲ್ಲ. ‘ಎರಡು ವಸ್ತುಗಳಿಗಿರುವ ಪರಸ್ಪರ ಸಾದೃಶ್ಯವನ್ನು ವರ್ಣಿಸುವುದೇ ಉಪಮಾಲಂಕಾರ’ ಎಂದು ಅಕ್ಷರ ತಪ್ಪದೆ ಬರೆಯುತ್ತಿದ್ದಳು. ಪಠ್ಯದಲ್ಲಿದ್ದ ಉದಾಹರಣೆಯನ್ನೇ ಕೇಳಿದರೆ ಉಪಮೇಯ (ಯಾವುದನ್ನು ಹೋಲಿಸುತ್ತೇವೆಯೋ ಅದು), ಉಪಮಾನ (ಯಾವುದಕ್ಕೆ ಹೋಲಿಸುತ್ತೇವೆಯೋ ಅದು), ಉಪಮಾವಾಚಕ (ಹೋಲಿಕೆಯ ಪದ), ಸಮಾನಧರ್ಮ (ಎರಡರಲ್ಲೂ ಇರುವ ಗುಣ) ಎಲ್ಲವನ್ನೂ ಸಾಲಾಗಿ ಇಟ್ಟು ಸಮನ್ವಯ ಮಾಡುತ್ತಿದ್ದಳು. ಹಿಂದೆಂದೂ ನೋಡದ ಸಾಲು ಬಂದರೆ ಎಲ್ಲವೂ ಕಲಸಿಹೋಗುತ್ತಿತ್ತು.

ನನ್ನ ಬಳಿ ಬರುವ ಮೊದಲು ಅವಳಿಗೆ ಒಂದು ದೊಡ್ಡ ಪಟ್ಟಿ ಮಾಡಿಕೊಡಲಾಗಿತ್ತು. ಎಡಗಡೆ ಗುರುತಿನ ಪದಗಳು, ಬಲಗಡೆ ಅಲಂಕಾರದ ಹೆಸರುಗಳು. ಅಂತೆ, ಹಾಗೆ, ವೋಲ್, ತೆರದಿ ಇದ್ದರೆ ಉಪಮೆ. ‘ಎಂಬ’ ಬಂದರೆ ರೂಪಕ. ‘ಎಂಬಂತೆ’ ಬಂದರೆ ಉತ್ಪ್ರೇಕ್ಷೆ. ಎರಡು ವಾಕ್ಯ ಅಕ್ಕಪಕ್ಕ ಬಂದರೆ ದೃಷ್ಟಾಂತ. ಪರೀಕ್ಷೆಯ ಒತ್ತಡದಲ್ಲಿ ಇಂಥ ಪಟ್ಟಿಗಳು ಹುಟ್ಟುವುದು ಸಹಜ, ಪಠ್ಯದ ಉದಾಹರಣೆಗಳ ಮಟ್ಟಿಗೆ ಕೆಲಸಕ್ಕೂ ಬರುತ್ತವೆ. ಅವಳು ಅದನ್ನು ಶ್ರದ್ಧೆಯಿಂದ ಕಲಿತಿದ್ದಳು. ಆ ಶ್ರದ್ಧೆಯೇ ಅವಳನ್ನು ಕಟ್ಟಿಹಾಕಿತ್ತು.

ತೊಡಕು ಎಲ್ಲಿತ್ತು

ಉತ್ತರಪತ್ರಿಕೆ ನೋಡಿದರೆ ತಪ್ಪಾದದ್ದು ಗೊತ್ತಾಗುತ್ತದೆ, ಯಾಕೆ ತಪ್ಪಿತು ಎಂಬುದು ಗೊತ್ತಾಗುವುದಿಲ್ಲ. ಹಾಗಾಗಿ ಯೋಚಿಸುವುದನ್ನೆಲ್ಲ ಬಾಯಿಬಿಟ್ಟು ಹೇಳುತ್ತ ಬರೆಯಲು ಹೇಳಿದೆ. ಮೊದಲು ಕೊಟ್ಟ ಸಾಲು: ‘ಮಳೆ ನಿಲ್ಲುವಂತೆ ಕಾಣಲಿಲ್ಲ.’

ಅವಳ ಕಣ್ಣು ನೇರ ‘ಅಂತೆ’ಯ ಮೇಲೆ ಹೋಯಿತು. “ಅಂತೆ ಇದೆ, ಉಪಮಾಲಂಕಾರ” ಎಂದು ಬರೆದಳು. ಉಪಮೇಯ: ಮಳೆ. ಉಪಮಾನದ ಮುಂದೆ ಪೆನ್ನು ನಿಂತಿತು. ಸ್ವಲ್ಪ ಹೊತ್ತು ಸಾಲನ್ನೇ ದಿಟ್ಟಿಸಿ, “ನಿಲ್ಲುವುದು” ಎಂದು ತುಂಬಿದಳು. ಸಮಾನಧರ್ಮ: ಕಾಣದಿರುವುದು. ಸಮನ್ವಯವನ್ನೂ ಬರೆದು ಮುಗಿಸಿದಳು. ನಾಲ್ಕು ಮನೆಗಳೂ ತುಂಬಿದ್ದವು. ಮಳೆಯನ್ನು ಯಾವುದಕ್ಕೆ ಹೋಲಿಸಲಾಗಿದೆ ಎಂಬ ಪ್ರಶ್ನೆ ಅವಳ ಮನಸ್ಸಿಗೆ ಬಂದೇ ಇರಲಿಲ್ಲ.

ಎರಡನೆಯ ಸಾಲು: ‘ಅಜ್ಜನ ಮೌನ ಆ ಮನೆಯ ಐದನೆಯ ಗೋಡೆ.’

ಇದರಲ್ಲಿ ಪಟ್ಟಿಯ ಯಾವ ಪದವೂ ಇರಲಿಲ್ಲ. “ಅಲಂಕಾರವಿಲ್ಲ” ಎಂದು ಬರೆದಳು. ಉತ್ತರವನ್ನು ಪಕ್ಕಕ್ಕಿಟ್ಟು, ಈ ಮಾತಿನ ಅರ್ಥವೇನು ಎಂದು ಸುಮ್ಮನೆ ಕೇಳಿದೆ. ತಡವರಿಸದೆ ಹೇಳಿದಳು: “ಅಜ್ಜ ಮಾತಾಡದೇ ಕೂತಿದ್ರೆ ಯಾರೂ ಅವರ ಹತ್ರ ಹೋಗೋಕಾಗಲ್ಲ. ಗೋಡೆ ಅಡ್ಡ ಇದ್ದ ಹಾಗೆ.”

ಅರ್ಥ ಅವಳಿಗೆ ಪೂರ್ತಿಯಾಗಿ ದಕ್ಕಿತ್ತು. ಸಾಲಿನಲ್ಲಿದ್ದ ರೂಪಕವನ್ನು ಬಿಡಿಸಿ ತಾನೇ ಉಪಮೆ ಮಾಡಿ ಹೇಳಿದ್ದಳು. ಅಲಂಕಾರವನ್ನು ಗ್ರಹಿಸುವ ಶಕ್ತಿ ಅವಳಲ್ಲಿ ಮೊದಲಿನಿಂದಲೂ ಇತ್ತು. ಆ ಗ್ರಹಿಕೆಗೂ ಪರೀಕ್ಷೆಯ ಉತ್ತರಕ್ಕೂ ನಡುವೆ ಪಟ್ಟಿ ಬಂದು ನಿಂತಿತ್ತು. ಅರ್ಥ ತಲೆಗೆ ಹೋಗುವ ಮೊದಲೇ ಕಣ್ಣು ಗುರುತಿನ ಪದವನ್ನು ಹುಡುಕಲು ಹೊರಡುತ್ತಿತ್ತು.

ಕನ್ನಡದಲ್ಲಂತೂ ಈ ಹುಡುಕಾಟ ಬಹಳ ಬೇಗ ಕೈಕೊಡುತ್ತದೆ. ‘ಹೂವಿನಂತೆ’ ಎಂದರೆ ಹೋಲಿಕೆ. ‘ಬಂದನಂತೆ’ ಎಂದರೆ ಯಾರೋ ಹೇಳಿ ಕೇಳಿದ್ದು. ‘ಹೇಳಿದಂತೆ ಮಾಡಿದ’ ಎಂದರೆ ಹೇಳಿದ ಪ್ರಕಾರ. ‘ಬೀಳದಂತೆ ಹಿಡಿ’ ಎಂದರೆ ಬೀಳದಿರಲಿ ಎಂಬ ಉದ್ದೇಶ. ‘ನಾಳೆ ಬರುವೆಯಂತೆ’ ಎಂದರೆ ಸಮಾಧಾನದ ಒಪ್ಪಿಗೆ. ‘ಮಳೆ ನಿಲ್ಲುವಂತೆ ಕಾಣಲಿಲ್ಲ’ ಎಂದಾಗ ಬರೀ ಅಂದಾಜು. ಇಷ್ಟರಲ್ಲಿ ಉಪಮೆಗೆ ಸಂಬಂಧಪಟ್ಟದ್ದು ಒಂದೇ ಒಂದು. ಕನ್ನಡ ಆಡುವ ಮಗುವಿಗೆ ಈ ವ್ಯತ್ಯಾಸಗಳೆಲ್ಲ ಮಾತಿನಲ್ಲಿ ಸಲೀಸು. ಪರೀಕ್ಷೆಗೆ ಕೂತಾಗ ಮಾತ್ರ ಮರೆಯಾಗುತ್ತವೆ.

ಮೊದಲ ನಿರ್ಧಾರ: ಹೆಸರುಗಳಿಗೆ ರಜೆ

ಪಟ್ಟಿಯನ್ನು ಇನ್ನಷ್ಟು ಚೆನ್ನಾಗಿ ಮಾಡಿಕೊಡುವ ದಾರಿ ಒಂದಿತ್ತು. ‘ಅಂತೆ’ಯ ಆರು ಬಗೆಗಳನ್ನೂ ಸೇರಿಸಿ, ವಿನಾಯಿತಿಗಳನ್ನು ಬರೆದು ಕೊಟ್ಟರೆ ಅವಳು ಅದನ್ನೂ ಬಾಯಿಪಾಠ ಮಾಡುತ್ತಿದ್ದಳು. ಹಾಗೆ ಮಾಡಿದರೆ ಕಣ್ಣಿನ ಅಭ್ಯಾಸ ಇನ್ನೂ ಗಟ್ಟಿಯಾಗುತ್ತದೆ ಎನ್ನಿಸಿತು. ಆದ್ದರಿಂದ ಕೆಲವು ವಾರ ಅಲಂಕಾರದ ಯಾವ ಹೆಸರನ್ನೂ ಬಳಸುವುದು ಬೇಡ ಎಂದು ಇಬ್ಬರೂ ಒಪ್ಪಿಕೊಂಡೆವು. ಪರೀಕ್ಷೆ ಹತ್ತಿರ ಬರುತ್ತಿರುವಾಗ ಇದು ಮನೆಯವರಿಗೆ ಕಳವಳದ ವಿಷಯವೇ ಆಗಿತ್ತು. ಅವರೊಂದಿಗೆ ಮಾತಾಡಿ, ಹೆಸರುಗಳು ಖಂಡಿತ ಮರಳಿ ಬರುತ್ತವೆ ಎಂದು ಹೇಳಿದ ಮೇಲೆ ಒಪ್ಪಿದರು.

ಹೆಸರಿನ ಬದಲು ಒಂದೇ ಪ್ರಶ್ನೆ ಇಟ್ಟುಕೊಂಡೆವು: ಈ ಮಾತನ್ನು ಅಕ್ಷರಶಃ ತೆಗೆದುಕೊಂಡರೆ ಏನಾಗುತ್ತದೆ?

ಇದು ನಮ್ಮ ಕಾವ್ಯಮೀಮಾಂಸೆಯಲ್ಲೇ ಇರುವ ಪ್ರಶ್ನೆ. ಹನ್ನೊಂದನೆಯ ಶತಮಾನದ ಮಮ್ಮಟ ‘ಕಾವ್ಯಪ್ರಕಾಶ’ದಲ್ಲಿ ಲಕ್ಷಣೆಗೆ, ಅಂದರೆ ಮಾತು ತನ್ನ ನೇರ ಅರ್ಥ (ಮುಖ್ಯಾರ್ಥ) ಬಿಟ್ಟು ಬೇರೊಂದು ಅರ್ಥ ಕೊಡುವುದಕ್ಕೆ, ಮೂರು ಸಂಗತಿ ಬೇಕೆಂದು ಹೇಳುತ್ತಾನೆ. ಮುಖ್ಯಾರ್ಥಕ್ಕೆ ಬಾಧೆ ಬರಬೇಕು, ಹೊಸ ಅರ್ಥಕ್ಕೂ ಮುಖ್ಯಾರ್ಥಕ್ಕೂ ಏನಾದರೂ ಸಂಬಂಧವಿರಬೇಕು, ಹಾಗೆ ಹೇಳಲು ರೂಢಿಯೋ ಪ್ರಯೋಜನವೋ ಕಾರಣವಾಗಿರಬೇಕು. ಶಾಸ್ತ್ರದ ಹಳೆಯ ಉದಾಹರಣೆ ‘ಗಂಗೆಯಲ್ಲಿ ಗೊಲ್ಲರ ಹಟ್ಟಿ’. ಹರಿಯುವ ನೀರಿನಲ್ಲಿ ಹಟ್ಟಿ ಇರಲಾರದು, ಮುಖ್ಯಾರ್ಥ ಅಲ್ಲಿ ಮುರಿಯಿತು. ನದಿಗೂ ದಡಕ್ಕೂ ಸಾಮೀಪ್ಯವಿದೆ, ಅದು ಸಂಬಂಧ. ‘ದಡದಲ್ಲಿ’ ಎಂದಿದ್ದರೆ ಬಾರದ ತಂಪು, ಪಾವಿತ್ರ್ಯ ‘ಗಂಗೆಯಲ್ಲಿ’ ಎಂದಾಗ ಬರುತ್ತದೆ, ಅದು ಪ್ರಯೋಜನ. ಹತ್ತನೆಯ ತರಗತಿಯ ಮಗುವಿಗೆ ಇದು ಹೆಚ್ಚಾಯಿತು ಎಂದು ಕೆಲವರಿಗೆ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಲಕ್ಷಣ ಬಾಯಿಪಾಠ ಮಾಡುವುದಕ್ಕಿಂತ ಈ ಹಟ್ಟಿಯ ಬಗ್ಗೆ ಯೋಚಿಸುವುದು ಸುಲಭ.

ಆ ದಿನ ಅವಳು ‘ಗೋಡೆ’ಯ ಸಾಲಿಗೆ ಮರಳಿದಳು. ಮೌನ ಇಟ್ಟಿಗೆಯಿಂದ ಆದದ್ದಲ್ಲ, ಗೋಡೆಯಾಗಲಾರದು, ಮಾತು ಮುರಿಯಿತು. ಸಂಬಂಧ ಯಾವುದು? ಎರಡೂ ಅಡ್ಡ ನಿಲ್ಲುತ್ತವೆ. ಅಲ್ಲಿಂದ ರೂಪಕಗಳು ಒಂದೊಂದಾಗಿ ಕಣ್ಣಿಗೆ ಬೀಳತೊಡಗಿದವು. ಯಾವ ಗುರುತಿನ ಪದವೂ ಬೇಕಾಗಲಿಲ್ಲ.

ಎಲ್ಲವೂ ಅಲಂಕಾರವಾಗಿ ಕಂಡ ದಿನಗಳು

ಮುರಿದ ಮಾತನ್ನು ಹುಡುಕಲು ಕಲಿತವರು ಒಂದು ಘಟ್ಟದಲ್ಲಿ ಎಲ್ಲ ಮಾತೂ ಮುರಿದಿರುವುದನ್ನು ಕಾಣುತ್ತಾರೆ. ಅವಳ ನೋಟುಪುಸ್ತಕ ಬೇಗನೆ ತುಂಬಿತು. ಬೆಲೆ ಏರಿತು. ನಿದ್ದೆ ಬಂತು. ಕುರ್ಚಿಯ ಕಾಲು. ಸೂಜಿಯ ಕಣ್ಣು. ಹೊಟ್ಟೆಕಿಚ್ಚು. ಹೊತ್ತು ಮುಳುಗಿತು. “ಬೆಲೆಗೆ ಕಾಲಿಲ್ಲ, ಅದು ಹೇಗೆ ಏರುತ್ತೆ? ಹೊತ್ತು ಯಾವ ನೀರಿನಲ್ಲಿ ಮುಳುಗುತ್ತೆ? ಹಾಗಾದ್ರೆ ನಾವು ಆಡೋದೆಲ್ಲ ಅಲಂಕಾರವೇ?” ಎಂದು ಕೇಳಿದಳು. ದನಿಯಲ್ಲಿ ಬೇಸರವೂ ಇತ್ತು. ಮೊದಲು ಏನೂ ಕಾಣುತ್ತಿರಲಿಲ್ಲ, ಈಗ ಯಾವುದನ್ನು ಬಿಡಬೇಕೋ ತಿಳಿಯುತ್ತಿರಲಿಲ್ಲ.

ಅವಳ ಅವಲೋಕನ ಸರಿಯಾಗಿಯೇ ಇತ್ತು, ಅದನ್ನು ಅವಳಿಗೆ ಸ್ಪಷ್ಟವಾಗಿ ಹೇಳಿದೆ. ಈ ಹಂತದಲ್ಲಿ “ಇವೆಲ್ಲ ಅಲಂಕಾರವಲ್ಲ, ಬಿಡು” ಎಂದು ಹೊಡೆದುಹಾಕಿದರೆ ಮಗು ಮತ್ತೆ ಪಟ್ಟಿಗೆ ಓಡುತ್ತದೆ. ಮಮ್ಮಟನ ಮೂರನೆಯ ಸಂಗತಿ ಇಲ್ಲಿ ಕೈಹಿಡಿಯಿತು: ರೂಢಿಯೋ, ಪ್ರಯೋಜನವೋ? ‘ಕುಶಲ’ ಎಂಬ ಮಾತು ದರ್ಭೆ ಕೀಳುವವನಿಂದ ಬಂದು ನಿಪುಣನೆಂಬ ಅರ್ಥಕ್ಕೆ ನಿಂತಿದೆ ಎಂದು ಅವನೇ ಉದಾಹರಣೆ ಕೊಡುತ್ತಾನೆ. ಈಗ ಯಾರೂ ದರ್ಭೆಯನ್ನು ನೆನೆಯುವುದಿಲ್ಲ. ಅದು ರೂಢಿ.

ರೂಢಿಯನ್ನೂ ಪ್ರಯೋಜನವನ್ನೂ ಬೇರ್ಪಡಿಸಲು ಒಂದು ಕೆಲಸ ಮಾಡಿದೆವು. ಆ ಮಾತನ್ನು ತೆಗೆದು ಸಾದಾ ಮಾತು ಹಾಕುವುದು, ಏನು ಕಳೆಯಿತು ಎಂದು ಬರೆಯುವುದು. ‘ಬೆಲೆ ಏರಿತು’ ತೆಗೆದು ‘ಬೆಲೆ ಹೆಚ್ಚಾಯಿತು’ ಎಂದು ಹಾಕಿದಳು. ಏನೂ ಕಳೆಯಲಿಲ್ಲ. ‘ಕುರ್ಚಿಯ ಕಾಲು’ ಎಂಬುದಕ್ಕೆ ಸಾದಾ ಮಾತೇ ಸಿಗಲಿಲ್ಲ, ಅದೇ ಅದರ ಹೆಸರು. ‘ಅಜ್ಜನ ಮೌನ ಆ ಮನೆಯ ಐದನೆಯ ಗೋಡೆ’ ತೆಗೆದು ‘ಅಜ್ಜ ಯಾರೊಂದಿಗೂ ಮಾತಾಡುತ್ತಿರಲಿಲ್ಲ’ ಎಂದು ಬರೆದಳು. ಏನು ಕಳೆಯಿತು? ಬಹಳ ಹೊತ್ತು ಯೋಚಿಸಿ ಹೇಳಿದಳು: “ಮನೆಗೆ ಗೋಡೆ ಬೇಕೇ ಬೇಕು. ಐದನೇದು ಬೇಡ. ಆದ್ರೂ ಅದರ ಜೊತೆಗೇ ಎಲ್ಲರೂ ಬದುಕ್ತಿದ್ದಾರೆ, ಅಭ್ಯಾಸ ಆಗಿಬಿಟ್ಟಿದೆ. ಇದು ಯಾವುದೂ ಎರಡನೇ ವಾಕ್ಯದಲ್ಲಿ ಇಲ್ಲ.”

ಈ ಪ್ರಕರಣದ ನಿಜವಾದ ತಿರುವು ಇದೇ ಎಂದು ನನ್ನ ನಂಬಿಕೆ. ಅಲ್ಲಿಯವರೆಗೆ ಅಲಂಕಾರವೆಂದರೆ ಅವಳಿಗೆ ಪತ್ತೆಹಚ್ಚಬೇಕಾದ ವಸ್ತು. ಅಂದಿನಿಂದ ಅದು ಏನನ್ನೋ ಮಾಡುವ ಮಾತಾಯಿತು. ‘ಐದನೆಯ’ ಎಂಬ ಪದ ಇರುವುದು ಸುಮ್ಮನೆ ಅಲ್ಲ ಎಂದು ನಾನು ಹೇಳಿಕೊಟ್ಟಿರಲಿಲ್ಲ.

ಸತ್ತ ರೂಪಕ ಮತ್ತೆ ಜೀವ ಪಡೆಯಬಲ್ಲದು ಎಂಬುದನ್ನು ತೋರಿಸಲು ಇನ್ನೊಂದು ಸಾಲು ಕೊಟ್ಟೆ: ‘ಹೊತ್ತು ಮುಳುಗಿತು; ಮುಳುಗಿದ ಕಡೆಯಿಂದ ಗುಳ್ಳೆಗಳಂತೆ ಒಂದೊಂದೇ ನಕ್ಷತ್ರ ಮೇಲೆ ಬಂತು.’ ಮೊದಲ ಎರಡು ಪದ ನಾವು ದಿನಾ ಆಡುವುದೇ. ಗುಳ್ಳೆಗಳು ಬಂದ ಕೂಡಲೇ ಹಿಂದಿನ ‘ಮುಳುಗಿತು’ ನಿಜವಾಗಿ ನೀರಿಗಿಳಿಯಿತು. ಅವಳು ಈ ಸಾಲನ್ನು ನೋಟುಪುಸ್ತಕದ ರಟ್ಟಿನ ಒಳಬದಿಯಲ್ಲಿ ಬರೆದುಕೊಂಡಳು. ಒಂದು ಮಾತು ಅಲಂಕಾರವೋ ಅಲ್ಲವೋ ಎಂಬುದು ಆ ಪದದಲ್ಲೇ ಬರೆದಿರುವುದಿಲ್ಲ, ಅಕ್ಕಪಕ್ಕದ ಮಾತು ನಿರ್ಧರಿಸುತ್ತದೆ ಎಂಬುದು ಅವಳಿಗೆ ಹೀಗೆ ಮನದಟ್ಟಾಯಿತು.

ಅವಳು ಎತ್ತಿದ ಆಕ್ಷೇಪ

ಅಲಂಕಾರ ಎಲ್ಲಿದೆಯೋ ಅಲ್ಲಿ ಮಾತು ಮುರಿಯಲೇಬೇಕು ಎಂದು ಅವಳು ಅಂದುಕೊಂಡಿದ್ದಳು. ಒಂದು ದಿನ ‘ಮಗುವಿನ ಅಂಗೈ ಚಿಗುರಿನಂತೆ ಮೃದುವಾಗಿತ್ತು’ ಎಂಬ ಸಾಲನ್ನು ಹಿಡಿದು ಬಂದಳು. “ಇಲ್ಲಿ ಏನೂ ಮುರಿದಿಲ್ಲವಲ್ಲ? ಅಂಗೈ ಮೃದು, ಚಿಗುರೂ ಮೃದು, ಎರಡೂ ನಿಜವೇ. ಆದ್ರೆ ಪುಸ್ತಕ ಇದನ್ನ ಅಲಂಕಾರ ಅನ್ನುತ್ತೆ.”

ತುಂಬ ಒಳ್ಳೆಯ ಆಕ್ಷೇಪ. ರೂಪಕದಲ್ಲಿ, ಅತಿಶಯೋಕ್ತಿಯಲ್ಲಿ ಮುಖ್ಯಾರ್ಥ ತಡವರಿಸುತ್ತದೆ. ಉಪಮೆಯಲ್ಲಿ ಹಾಗಾಗುವುದಿಲ್ಲ, ಹೋಲಿಕೆ ಹೋಲಿಕೆಯಾಗಿಯೇ ನಿಜ. ದೃಷ್ಟಾಂತದಲ್ಲೂ ಹಾಗೇ. ಮೊದಲ ಪ್ರಶ್ನೆಯೊಂದೇ ಸಾಲದು ಎಂಬುದು ಅವಳ ಬಾಯಿಂದಲೇ ಬಂದದ್ದು ಒಳ್ಳೆಯದಾಯಿತು. ಎರಡನೆಯ ಪ್ರಶ್ನೆ ಸೇರಿಸಿದೆವು: ಮಾತು ಯಾವುದರ ಬಗ್ಗೆ ನಡೆದಿದೆ, ಅದರ ನಡುವೆ ಯಾವುದನ್ನು ಹೊರಗಿನಿಂದ ಕರೆತಂದಿದ್ದಾರೆ?

ಮಾತು ನಡೆದಿರುವುದು ಅಂಗೈಯ ಬಗ್ಗೆ, ಕರೆತಂದದ್ದು ಚಿಗುರನ್ನು. ಪ್ರಸ್ತುತ, ಅಪ್ರಸ್ತುತ ಎಂದು ಶಾಸ್ತ್ರ ಕರೆಯುವುದು ಇದನ್ನೇ. ‘ಮಳೆ ನಿಲ್ಲುವಂತೆ ಕಾಣಲಿಲ್ಲ’ ಎಂಬ ಹಳೆಯ ಸಾಲಿಗೆ ಈ ಪ್ರಶ್ನೆ ಹಾಕಿದಾಗ ಉತ್ತರ ತಾನಾಗಿಯೇ ಸಿಕ್ಕಿತು. ಹೊರಗಿನಿಂದ ಯಾರೂ ಬಂದಿಲ್ಲ, ಮಳೆಯೊಂದೇ ಇದೆ. ಉಪಮಾನದ ಮನೆಯನ್ನು ತುಂಬಲು ಹೆಣಗಬೇಕಾಗಿ ಬಂದರೆ ಅಲ್ಲಿ ಬಹುಶಃ ಉಪಮೆಯೇ ಇಲ್ಲ ಎಂದು ಅವಳೇ ಹೇಳಿಕೊಂಡಳು.

ಮತ್ತೆ ಒಂದು ಗಂಟು ಬಿತ್ತು. ‘ತಂಗಿ ಅಕ್ಕನಂತೆ ಎತ್ತರ’ ಎಂಬಲ್ಲಿ ಇಬ್ಬರಿದ್ದಾರೆ, ಹೋಲಿಕೆಯೂ ಇದೆ. ಇದು ಅಲಂಕಾರವೇ? ‘ಹಸುವಿನಂತಿರುತ್ತದೆ ಗವಯ’ ಎಂದು ಕಾಡುಪ್ರಾಣಿಯ ಗುರುತು ಹೇಳುವ ಮಾತಿನಲ್ಲಿ ಸಾದೃಶ್ಯವಿದ್ದರೂ ಅಲಂಕಾರವಿಲ್ಲ ಎಂದು ಆಲಂಕಾರಿಕರು ತೀರ್ಮಾನಿಸಿದ್ದಾರೆ. ಅದು ತಿಳಿವಳಿಕೆ ಕೊಡುತ್ತದೆ, ಚಮತ್ಕಾರ ಕೊಡುವುದಿಲ್ಲ. ಅಕ್ಕತಂಗಿಯರ ಎತ್ತರವೂ ಅಷ್ಟೇ. ‘ತೆಗೆದು ನೋಡು, ಏನು ಕಳೆಯಿತು’ ಎಂಬ ಹಳೆಯ ಪರೀಕ್ಷೆಯೇ ಇಲ್ಲಿಯೂ ನಡೆಯಿತು. ‘ಇಬ್ಬರೂ ಒಂದೇ ಎತ್ತರ’ ಎಂದರೆ ಮುಗಿಯಿತು. ಅಂಗೈಯ ಸಾಲಿನಿಂದ ಚಿಗುರನ್ನು ತೆಗೆದರೆ ಎಳೆತನ ಹೋಗುತ್ತದೆ, ಮುಂದೆ ಬೆಳೆಯಲಿರುವ ಸೂಚನೆ ಹೋಗುತ್ತದೆ. ಚಿಗುರಿನ ಜಾಗದಲ್ಲಿ ‘ಬೆಣ್ಣೆ’ ಹಾಕಿ ನೋಡಲು ಹೇಳಿದೆ. ಮೃದುತ್ವ ಉಳಿಯಿತು, ಬೆಳವಣಿಗೆ ಹೋಯಿತು. ಸಮಾನಧರ್ಮ ಎಂಬ ಮನೆಯಲ್ಲಿ ‘ಮೃದುತ್ವ’ ಎಂದು ಬರೆದರೆ ಅಂಕ ಸಿಗುತ್ತದೆ. ಆ ಒಂದು ಪದದ ಆಚೆಗೂ ಉಪಮಾನ ಏನನ್ನೋ ಹೊತ್ತು ತಂದಿರುತ್ತದೆ ಎಂಬುದನ್ನು ಅವಳು ಕಂಡಳು. ಉಪಮೆಯ ನಾಲ್ಕು ಅಂಗಗಳಲ್ಲಿ ಯಾವುದಾದರೂ ಬಿಟ್ಟುಹೋಗಿದ್ದರೆ ಅದು ಲುಪ್ತೋಪಮೆ; ಅದರ ಒಂದು ಬಗೆಯಲ್ಲಿ ಸಮಾನಧರ್ಮವನ್ನು ಬಾಯಿಬಿಟ್ಟು ಹೇಳಿರುವುದಿಲ್ಲ. ‘ಚಿಗುರಿನಂಥ ಮಗು’ ಎಂದರೆ ಧರ್ಮ ಯಾವುದೆಂದು ಓದುಗನೇ ತುಂಬಿಕೊಳ್ಳಬೇಕು. ಮೊದಲು ಅವಳನ್ನು ಹೆದರಿಸುತ್ತಿದ್ದ ಆ ಖಾಲಿ ಮನೆ ಈಗ ಅವಳಿಗೆ ಇಷ್ಟವಾಗತೊಡಗಿತು.

ಒಂದೇ ಜೋಡಿ, ಹಲವು ಬಗೆ

ಗುರುತಿಸುವ ಕೆಲಸ ಸುಧಾರಿಸಿದ್ದರೂ ಉಪಮೆ, ರೂಪಕ, ಉತ್ಪ್ರೇಕ್ಷೆಗಳ ಗಡಿ ಇನ್ನೂ ಮಸುಕಾಗಿತ್ತು. ಇಲ್ಲಿ ಅಪ್ಪಯ್ಯ ದೀಕ್ಷಿತರ ದಾರಿ ಹಿಡಿದೆವು. ಹದಿನಾರನೆಯ ಶತಮಾನದ ಈ ಪಂಡಿತರು ‘ಚಿತ್ರಮೀಮಾಂಸೆ’ಯಲ್ಲಿ ಉಪಮೆಯನ್ನು ಒಬ್ಬ ನಟಿ ಎನ್ನುತ್ತಾರೆ. ಕಾವ್ಯರಂಗದಲ್ಲಿ ಬೇರೆ ಬೇರೆ ಪಾತ್ರ ಹಾಕಿ ಕುಣಿಯುವವಳು ಅವಳೊಬ್ಬಳೇ. ಮುಖ, ಚಂದ್ರ ಎಂಬ ಒಂದೇ ಜೋಡಿಯನ್ನು ಹೇಳುವ ರೀತಿ ಬದಲಿಸುತ್ತ ಹೋದರೆ ಒಂದೊಂದು ಅಲಂಕಾರ ಹೇಗೆ ಹುಟ್ಟುತ್ತದೆ ಎಂಬುದನ್ನು ಅವರು ತೋರಿಸುತ್ತಾರೆ.

ಮುಖ, ಚಂದ್ರ ಸವೆದುಹೋಗಿವೆ. ನಾವು ನದಿ, ಹಾವು ತೆಗೆದುಕೊಂಡೆವು. ಒಂದೆರಡು ವಾಕ್ಯ ನಾನು ಬರೆದೆ, ಉಳಿದವನ್ನು ಅವಳು ಬರೆದಳು.

‘ನದಿ ಹಾವಿನಂತೆ ಬಳುಕುತ್ತ ಇಳಿಯಿತು.’ ಇಬ್ಬರೂ ಬೇರೆ ಬೇರೆ ನಿಂತಿದ್ದಾರೆ, ನಡುವೆ ಹೋಲಿಕೆ. ಇದು ಉಪಮೆ.

‘ನದಿಯೆಂಬ ಹಾವು ಕಣಿವೆಗೆ ಇಳಿಯಿತು.’ ಭೇದ ಅಳಿಯಿತು. ರೂಪಕ.

‘ಬಿಸಿಲಿಗೆ ಬಳಲಿದ ಹಾವೊಂದು ನೆರಳು ಹುಡುಕಿ ಹೊರಟಿದೆಯೋ ಎಂಬಂತೆ ನದಿ ಕಣಿವೆಗೆ ಇಳಿಯಿತು.’ ನದಿ ನದಿಯೇ ಎಂದು ಹೇಳುವವನಿಗೆ ಗೊತ್ತು, ಬೇಕೆಂದೇ ಬೇರೆಯಾಗಿ ಕಲ್ಪಿಸುತ್ತಿದ್ದಾನೆ. ಉತ್ಪ್ರೇಕ್ಷೆ.

‘ಇದು ನದಿಯಲ್ಲ, ಹಾವು.’ ಇರುವುದನ್ನು ಅಲ್ಲಗಳೆದು ಇಲ್ಲದ್ದನ್ನು ನಿಲ್ಲಿಸಿತು. ಅಪಹ್ನುತಿ.

‘ಕಣಿವೆಯಲ್ಲಿ ಬೆಳ್ಳಿಯ ಹಾವೊಂದು ಹರಿಯುತ್ತಿದೆ.’ ನದಿಯ ಹೆಸರೇ ಇಲ್ಲ, ಉಪಮಾನ ಉಪಮೇಯವನ್ನು ನುಂಗಿದೆ. ಶಾಸ್ತ್ರ ಅತಿಶಯೋಕ್ತಿ ಎನ್ನುವುದರಲ್ಲಿ ಇದೂ ಒಂದು ಬಗೆ.

‘ಹಾವು ನದಿಯಂತೆ ಬಳುಕಿತು.’ ತಿರುಗುಮುರುಗು. ಪ್ರತೀಪ.

ಅವಳು ತಾನಾಗಿಯೇ ಬರೆದು ತಂದದ್ದು ಇದು: ‘ಮೇಲಿಂದ ನದಿಯನ್ನು ಕಂಡ ಗರುಡ ಹಾವೆಂದು ಎರಗಿತು.’ ಇದಕ್ಕೇನಾದರೂ ಹೆಸರಿದೆಯೇ ಎಂದು ಕೇಳಿದಳು. ಭ್ರಾಂತಿಮಾನ್ ಎಂದು ಹೇಳಿದೆ. ಅದು ಅವಳ ಪಠ್ಯದಲ್ಲಿ ಇರಲಿಲ್ಲ. ಹೆಸರು ಬೇಕೆಂದು ಅವಳೇ ಕೇಳಿದ್ದು ಅದೇ ಮೊದಲು. ಹೆಸರುಗಳ ರಜೆ ಅಂದಿಗೆ ಮುಗಿಯಿತು. ತಾನು ಕಟ್ಟಿದ ವಾಕ್ಯಕ್ಕೆ ಹೆಸರು ಸಿಕ್ಕಾಗ ಅದು ಮನಸ್ಸಿನಲ್ಲಿ ನಿಂತುಬಿಡುತ್ತದೆ. ಇದಾದ ಮೇಲೆ ಅವಳು ಲಕ್ಷಣಗಳನ್ನು ಬಾಯಿಪಾಠ ಮಾಡಿದ್ದನ್ನು ನಾನು ಕಾಣಲಿಲ್ಲ. ನದಿ-ಹಾವಿನ ವಾಕ್ಯ ನೆನೆದು, ಅದರಿಂದ ಲಕ್ಷಣವನ್ನು ತನ್ನ ಮಾತಿನಲ್ಲಿ ಹೇಳುತ್ತಿದ್ದಳು.

ಕಟ್ಟಿ ಕಲಿಯುವುದು ಹೊಸದೇನಲ್ಲ. ನಮಗೆ ಉಳಿದುಬಂದಿರುವ ಕನ್ನಡದ ಅತ್ಯಂತ ಹಳೆಯ ಕೃತಿ, ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’, ಕವಿತೆ ಕಟ್ಟುವವರಿಗಾಗಿಯೇ ಬರೆದ ಕೈಪಿಡಿ. ದಂಡಿಯ ‘ಕಾವ್ಯಾದರ್ಶ’ವನ್ನು ಆಧರಿಸಿದರೂ ಕನ್ನಡಕ್ಕೆ ಬೇಕಾದಂತೆ ಅದನ್ನು ತಿದ್ದಿಕೊಂಡಿದೆ. ಮಾಡಿ ನೋಡಿದವರಿಗೇ ಬೇರೆಯವರು ಮಾಡಿದ್ದು ಕಾಣುತ್ತದೆ ಎಂಬ ನಂಬಿಕೆ ಅಂಥ ಗ್ರಂಥಗಳ ಹಿಂದಿದೆ. ಇಂದಿನ ತರಗತಿಯಲ್ಲಿ ಮಕ್ಕಳಿಗೆ ಅಲಂಕಾರ ಗುರುತಿಸಲು ಹೇಳುತ್ತೇವೆ, ಕಟ್ಟಲು ಹೇಳುವುದು ಅಪರೂಪ. ಇದು ಬದಲಾಗಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಶಬ್ದಾಲಂಕಾರದಲ್ಲಿ ಇಷ್ಟು ಕಷ್ಟವಿರಲಿಲ್ಲ. ಅವಳು ಕಣ್ಣಿನಲ್ಲಿ ಮಾತ್ರ ಓದುತ್ತಿದ್ದಳು, ಗಟ್ಟಿಯಾಗಿ ಓದಲು ಹೇಳಿದೆ, ಒಂದೇ ಅಕ್ಷರ ಮತ್ತೆ ಮತ್ತೆ ಬರುವ ಅನುಪ್ರಾಸ ಕಿವಿಗೆ ಬಿತ್ತು. ‘ಹತ್ತು ಮೆಟ್ಟಿಲು ಹತ್ತು’ ಎಂಬ ಒಂದು ಸಾಲಿನಿಂದ ಯಮಕ ಸ್ಪಷ್ಟವಾಯಿತು: ಅದೇ ಅಕ್ಷರಗಳು, ಮೊದಲನೆಯದು ಸಂಖ್ಯೆ, ಎರಡನೆಯದು ಕ್ರಿಯೆ. ಸಾಲುಗಳ ಎರಡನೆಯ ಅಕ್ಷರ ಒಂದೇ ಆಗಿ ಬರುವ ಆದಿಪ್ರಾಸವನ್ನೂ ಅನುಪ್ರಾಸವನ್ನೂ ಒಂದೇ ಎಂದುಕೊಂಡಿದ್ದಳು. ಅದನ್ನು ತಿದ್ದಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ದೃಷ್ಟಾಂತ, ಅರ್ಥಾಂತರನ್ಯಾಸಗಳ ಗೊಂದಲ ಮಾತ್ರ ಬಹಳ ದಿನ ಉಳಿಯಿತು. ಎರಡರಲ್ಲೂ ಎರಡು ವಾಕ್ಯ ಪಕ್ಕಪಕ್ಕ ಇರುತ್ತವೆ. ‘ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು’ ಎಂಬ ಗಾದೆಯಲ್ಲಿ ಒಂದು ಚಿತ್ರ ಇನ್ನೊಂದು ಚಿತ್ರಕ್ಕೆ ಪ್ರತಿಬಿಂಬದಂತಿದೆ. ‘ಕಲ್ಲು ಹೊಡೆದವನಿಗೂ ಮರ ಹಣ್ಣನ್ನೇ ಕೊಟ್ಟಿತು, ದೊಡ್ಡವರು ಕೇಡಿಗೆ ಕೇಡು ಬಗೆಯುವುದಿಲ್ಲ’ ಎಂಬಲ್ಲಿ ಒಂದು ನಿರ್ದಿಷ್ಟ ಘಟನೆಗೆ ಎಲ್ಲ ಕಾಲಕ್ಕೂ ಸಲ್ಲುವ ಮಾತಿನ ಬೆಂಬಲವಿದೆ. ಎರಡು ವಾಕ್ಯಗಳ ನಡುವೆ ‘ಹಾಗೆಯೇ’ ಎಂಬುದು ಸಲೀಸಾಗಿ ಕೂರುತ್ತದೆಯೋ ‘ಏಕೆಂದರೆ’ ಎಂಬುದು ಕೂರುತ್ತದೆಯೋ ಎಂದು ನೋಡುವುದು ನೆರವಾಯಿತು. ಎಲ್ಲ ಸಾಲಿಗೂ ಇದು ಸಾಕಾಗುವುದಿಲ್ಲ ಎಂಬುದನ್ನೂ ಅವಳಿಗೆ ಹೇಳಿದ್ದೆ.

ಏನಾಯಿತು

ಶಾಲೆಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಬಂದ ಸಾಲು ಪಠ್ಯದ ಹೊರಗಿನದು. ಅದರ ಸ್ವರೂಪವನ್ನಷ್ಟೇ ಉಳಿಸಿ ಇಲ್ಲಿ ಬೇರೆ ಪದಗಳಲ್ಲಿ ಕೊಡುತ್ತಿದ್ದೇನೆ: ‘ತಲೆದೂಗುವ ಪೈರು ಯಾರದೋ ಹಾಡು ಕೇಳುತ್ತಿರುವಂತಿತ್ತು.’ ಅವಳು ಉತ್ಪ್ರೇಕ್ಷೆ ಎಂದು ಬರೆದಳು. ಉತ್ತರಸೂಚಿಯಲ್ಲಿ ಉಪಮೆ ಎಂದಿತ್ತು. ಅಂಕ ಬರಲಿಲ್ಲ.

ಮೊದಲಾಗಿದ್ದರೆ ಪಟ್ಟಿಯನ್ನು ಇನ್ನೊಮ್ಮೆ ಓದಿಕೊಂಡು ಸುಮ್ಮನಾಗುತ್ತಿದ್ದಳು. ಈ ಸಲ ಉತ್ತರಪತ್ರಿಕೆ ಹಿಡಿದು ಶಿಕ್ಷಕರ ಬಳಿ ಹೋದಳು. ಅವಳ ವಾದ ಹೀಗಿತ್ತು: ಉಪಮೆಯಾಗಬೇಕಾದರೆ ಪೈರಿನ ಪಕ್ಕದಲ್ಲಿ ಇನ್ನೊಂದು ವಸ್ತು ನಿಲ್ಲಬೇಕು. ‘ಹಾಡಿಗೆ ಮನಸೋತ ಕೇಳುಗರಂತೆ ಪೈರು ತಲೆದೂಗಿತು’ ಎಂದಿದ್ದರೆ ಕೇಳುಗರು ಬಂದರು, ಉಪಮೆ ಎನ್ನಬಹುದು. ಇಲ್ಲಿ ಬೇರೆ ಯಾರೂ ಬಂದಿಲ್ಲ. ಪೈರೇ ಹಾಡು ಕೇಳುತ್ತಿದೆ ಎಂದು ಕವಿ ಸಂಭಾವಿಸಿದ್ದಾನೆ. ತಲೆದೂಗಲು ನಿಜವಾದ ಕಾರಣ ಗಾಳಿ, ಆ ಕಾರಣದ ಜಾಗದಲ್ಲಿ ಕವಿ ಇನ್ನೊಂದನ್ನು ಕಲ್ಪಿಸಿ ಇಟ್ಟಿದ್ದಾನೆ.

ಶಿಕ್ಷಕರು ಅಂಕ ತಿದ್ದಲಿಲ್ಲ. ಮರುದಿನ ಆ ಸಾಲನ್ನು ಕಪ್ಪುಹಲಗೆಯ ಮೇಲೆ ಬರೆದು, ಅವಳ ವಾದವನ್ನು ಇಡೀ ತರಗತಿಯ ಮುಂದೆ ಇಟ್ಟು ಚರ್ಚೆ ಮಾಡಿಸಿದರಂತೆ. ನನ್ನ ದೃಷ್ಟಿಯಲ್ಲಿ ಆ ಅಂಕಕ್ಕಿಂತ ಇದು ದೊಡ್ಡದು. ಕೊನೆಯ ಪರೀಕ್ಷೆಯಲ್ಲಿ ಅಲಂಕಾರದ ಪ್ರಶ್ನೆಯನ್ನು ಸರಿಯಾಗಿ ಬರೆದೆ ಎಂದು ಆಮೇಲೆ ಹೇಳಿದಳು.

ಇದರಿಂದ ಬೇರೆಯವರು ತೆಗೆದುಕೊಳ್ಳಬಹುದಾದದ್ದು, ನಾನು ಕಂಡಂತೆ, ಮುಖ್ಯವಾಗಿ ಕ್ರಮದ ವಿಚಾರ. ಹೆಸರು ಮೊದಲು, ಅರ್ಥ ಆಮೇಲೆ ಎಂಬ ಕ್ರಮವನ್ನು ತಿರುಗಿಸಿದ್ದೇ ಇಲ್ಲಿ ಮಾಡಿದ ಕೆಲಸ. ಮಾತು ಎಲ್ಲಿ ಮುರಿಯುತ್ತದೆ, ಹೊರಗಿನಿಂದ ಏನು ಬಂದಿದೆ, ತೆಗೆದರೆ ಏನು ಕಳೆಯುತ್ತದೆ ಎಂಬವು ಮೊದಲು ಬಂದವು, ಹೆಸರು ಕೊನೆಗೆ ಬಂತು. ಎಲ್ಲವೂ ಅಲಂಕಾರವಾಗಿ ಕಾಣುವ ನಡುವಿನ ಘಟ್ಟವನ್ನು ಆತುರದಿಂದ ದಾಟಿಸಬಾರದು, ಅಲ್ಲಿ ಮಗು ಭಾಷೆಯನ್ನು ಹೊಸದಾಗಿ ನೋಡುತ್ತಿರುತ್ತದೆ. ಓದುವ ಹವ್ಯಾಸವೇ ಇಲ್ಲದ ಮಗುವಿಗೆ ಇದೇ ದಾರಿ ಇಷ್ಟು ಬೇಗ ಫಲ ಕೊಡುತ್ತಿತ್ತು ಎಂದು ನಾನು ಹೇಳಲಾರೆ. ಈ ಹುಡುಗಿಯ ಒಳಗೆ ಸಾಕಷ್ಟು ಕಥೆಗಳು ಮೊದಲೇ ಸೇರಿದ್ದವು.

ಪರೀಕ್ಷೆ ಮುಗಿದ ಮೇಲೂ ಅವಳು ಬರುತ್ತಿದ್ದಾಳೆ. ಈಗ ತೊಡಕಾಗಿರುವುದು ವ್ಯಾಜಸ್ತುತಿ, ಅಂದರೆ ಹೊಗಳುವ ನೆವದಲ್ಲಿ ತೆಗಳುವ ಅಥವಾ ತೆಗಳುವ ನೆವದಲ್ಲಿ ಹೊಗಳುವ ಅಲಂಕಾರ. ‘ನಿನ್ನ ಉಪಕಾರವನ್ನು ಬದುಕಿರುವಷ್ಟು ದಿನ ಮರೆಯೆ’ ಎಂದು ಮೋಸಹೋದವನು ಮೋಸಮಾಡಿದವನಿಗೆ ಹೇಳುವ ಮಾತನ್ನು ಅವಳು ಕೃತಜ್ಞತೆ ಎಂದೇ ಓದಿದಳು. ವಾಕ್ಯದೊಳಗೆ ಏನೂ ಮುರಿದಿಲ್ಲ, ಹೊರಗಿನ ವಸ್ತು ಯಾವುದೂ ಬಂದಿಲ್ಲ. ನಮ್ಮ ಎರಡೂ ಪ್ರಶ್ನೆಗಳು ಇಲ್ಲಿ ನಿಲ್ಲುತ್ತವೆ. ಯಾರು ಹೇಳಿದರು, ಯಾರಿಗೆ, ಯಾವ ದನಿಯಲ್ಲಿ, ಯಾವ ಸಂದರ್ಭದಲ್ಲಿ ಎಂದು ಮಮ್ಮಟ ವ್ಯಂಜನೆಯ (ಬಾಯಿಬಿಟ್ಟು ಹೇಳದ ಅರ್ಥವನ್ನು ಸೂಚಿಸುವ ಶಕ್ತಿಯ) ಚರ್ಚೆಯಲ್ಲಿ ಎಣಿಸುವ ಸಂಗತಿಗಳತ್ತ ಈಗ ಹೊರಳಿದ್ದೇವೆ. ಒಂದೇ ಮಾತನ್ನು ಇಬ್ಬರು ಬೇರೆ ಬೇರೆ ಪಾತ್ರಗಳ ಬಾಯಲ್ಲಿಟ್ಟು ಅವಳು ಸಣ್ಣ ಸಣ್ಣ ಸಂಭಾಷಣೆ ಬರೆಯುತ್ತಿದ್ದಾಳೆ, ಗಟ್ಟಿಯಾಗಿ ಓದಿ ದನಿ ಎಲ್ಲಿ ಬದಲಾಗುತ್ತದೆ ಎಂದು ಗುರುತು ಹಾಕುತ್ತಿದ್ದಾಳೆ.